ಎಚ್ಚರ ಯಾರ ಪಾಲಿಗೆ? ವಕೀಲ ಬಿ.ಡಿ. ಜತ್ತಿಯವರ ಅಧಿಕಾರದ ವರ್ಷಗಳು



1977ರ ಏಪ್ರಿಲ್ ತಿಂಗಳ ಕೊನೆಯಲ್ಲಿ ಒಂಬತ್ತು ರಾಜ್ಯಗಳ ವಿಧಾನಸಭೆಗಳ ಅಳಿವು ಉಳಿವು ಒಂದು ಸಹಿಯ ಮೇಲೆ ನಿಂತಿತ್ತು. ಸಹಿ ಹಾಕಬೇಕಾಗಿದ್ದವರು ಬಸಪ್ಪ ದಾನಪ್ಪ ಜತ್ತಿ. ಅವಿಭಜಿತ ವಿಜಾಪುರ ಜಿಲ್ಲೆಗೆ ಸೇರಿದ್ದ ಜಮಖಂಡಿ ತಾಲ್ಲೂಕಿನ ಸಾವಳಗಿಯವರು, ಜಮಖಂಡಿಯ ಕೋರ್ಟಿನಲ್ಲಿ ವಕೀಲಿ ಮಾಡಿದವರು, ಆಗ ಭಾರತದ ಉಪರಾಷ್ಟ್ರಪತಿ ಮತ್ತು ಹಂಗಾಮಿ ರಾಷ್ಟ್ರಪತಿ. ಸಚಿವ ಸಂಪುಟ ಕಳಿಸಿದ ಕಾಗದಕ್ಕೆ ಅವರು ಕೂಡಲೇ ಸಹಿ ಹಾಕಲಿಲ್ಲ. ಒಂದು ದಿನ ತಡೆದರು. ಮರುದಿನ ಹಾಕಿದರು.

ಆ ಒಂದು ದಿನಕ್ಕೆ ಅವರನ್ನು ಹೊಗಳಿದವರಿದ್ದಾರೆ, ಹಳಿದವರೂ ಇದ್ದಾರೆ. ಹೊಗಳಿಕೆ ಮತ್ತು ಹಳಿಯುವಿಕೆ ಎರಡನ್ನೂ ಬದಿಗಿಟ್ಟು ಈ ಉಪನ್ಯಾಸ ಬೇರೊಂದು ಪ್ರಶ್ನೆಯನ್ನು ಕೈಗೆತ್ತಿಕೊಳ್ಳುತ್ತದೆ. ಕಾನೂನು ಓದಿದವರು ಅಧಿಕಾರಕ್ಕೆ ಬಂದಾಗ ಅವರೊಂದಿಗೆ ಒಂದು ವೃತ್ತಿಯ ಅಭ್ಯಾಸವೂ ಬರುತ್ತದೆ. ಕಾಗದವನ್ನು ಪೂರ್ತಿ ಓದುವುದು, ಎದುರು ಪಕ್ಷದ ಮಾತು ಕೇಳುವುದು, ಅವಸರವಾದಾಗ ಮುದ್ದತು ಬೇಡುವುದು. ಇದನ್ನು ಎಚ್ಚರ ಎನ್ನೋಣ. ಈ ಎಚ್ಚರದಿಂದ ಉಳಿಯುವ ಕಾಲ ಯಾರ ಪಾಲಿಗೆ ಹೋಗುತ್ತದೆ? ಉಳುವವನಿಗೋ, ಭೂಮಾಲೀಕನಿಗೋ? ಆರಿಸಿಬಂದ ಸಭೆಗೋ, ಅದನ್ನು ವಿಸರ್ಜಿಸಲು ಹೊರಟ ಸರಕಾರಕ್ಕೋ? ಜತ್ತಿಯವರ ಬದುಕಿನ ನಾಲ್ಕು ಸಂದರ್ಭಗಳಲ್ಲಿ ಈ ಪ್ರಶ್ನೆಗೆ ನಾಲ್ಕು ಬೇರೆ ಬೇರೆ ಉತ್ತರ ಸಿಗುತ್ತವೆ. ಅವರ ಸಾಧನೆಯನ್ನೂ ವಿವಾದಗಳನ್ನೂ ಒಂದೇ ದಾರದಲ್ಲಿ ನೋಡಲು ಇದೇ ಸರಿಯಾದ ದಾರಿ ಎಂಬುದು ಇಲ್ಲಿನ ವಾದ.

ಮೊದಲು ನೆಲದ ಮಾತು. ವಿಜಾಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕೂ ತಾಲ್ಲೂಕುಗಳು ಬ್ರಿಟಿಷರ ಕಾಲದಲ್ಲಿ ಮುಂಬಯಿ ಪ್ರಾಂತ್ಯದ ನೇರ ಆಡಳಿತದಲ್ಲಿದ್ದವು. ಅವುಗಳ ಪಕ್ಕದ ಜಮಖಂಡಿ ಪಟವರ್ಧನ ಮನೆತನದ ಸಂಸ್ಥಾನ. ಜಿಲ್ಲೆಯ ಕಕ್ಷಿದಾರನ ಮೇಲ್ಮನವಿ ಮುಂಬಯಿ ಹೈಕೋರ್ಟಿಗೆ ಹೋಗುತ್ತಿತ್ತು. ಸಂಸ್ಥಾನದ ಪ್ರಜೆಗೆ ಸಂಸ್ಥಾನದ್ದೇ ವ್ಯವಸ್ಥೆ. ಒಂದೇ ಭಾಷೆ, ಒಂದೇ ಎರೆಮಣ್ಣು, ಒಂದೇ ಜೋಳದ ಬೆಳೆ; ಕಾನೂನು ಮಾತ್ರ ಗಡಿ ದಾಟಿದ ಕೂಡಲೇ ಬದಲಾಗುತ್ತಿತ್ತು. 1956ರ ನವೆಂಬರ್ 1ರಂದು ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಹೈಕೋರ್ಟು ಬೆಂಗಳೂರಿನಲ್ಲಿ, 500 ಕಿಲೋಮೀಟರಿಗೂ ಆಚೆ. 2008ರಲ್ಲಿ ಕಲಬುರಗಿಯಲ್ಲಿ ಸಂಚಾರಿ ಪೀಠ ಆರಂಭವಾಗಿ, 2013ರಲ್ಲಿ ಅದು ಕಾಯಂ ಪೀಠವಾಯಿತು. ಆಲಮಟ್ಟಿಯ ಹಿನ್ನೀರಿಗೆ ಹೊಲಮನೆ ಕಳೆದುಕೊಂಡವರ ಪರಿಹಾರದ ದಾವೆಗಳನ್ನು ನಡೆಸಿದ ವಕೀಲರಿಗೆ ಕಾನೂನಿನ ದೂರ ಎಂದರೇನು ಎಂಬುದನ್ನು ವಿವರಿಸಬೇಕಾಗಿಲ್ಲ.

ಜತ್ತಿಯವರು ಹುಟ್ಟಿದ್ದು 1912ರ ಸೆಪ್ಟೆಂಬರ್ 10ರಂದು. ಕೊಲ್ಹಾಪುರದ ರಾಜಾರಾಮ ಕಾಲೇಜಿನಲ್ಲಿ ಪದವಿ, ಅಲ್ಲಿಯ ಸೈಕ್ಸ್ ಲಾ ಕಾಲೇಜಿನಲ್ಲಿ ಕಾನೂನು. ಜಮಖಂಡಿಗೆ ಮರಳಿ ಸ್ವಲ್ಪ ಕಾಲ ವಕೀಲಿ. 1940ರಲ್ಲಿ ಜಮಖಂಡಿ ಪುರಸಭೆಯ ಸದಸ್ಯ, 1945ರಲ್ಲಿ ಅದರ ಅಧ್ಯಕ್ಷ. ಮುಂದೆ ಸಂಸ್ಥಾನದ ಸಚಿವ, ಕೊನೆಗೆ ದಿವಾನ. 1948ರ ಮಾರ್ಚ್ 8ರಂದು ಜಮಖಂಡಿ ಮುಂಬಯಿ ರಾಜ್ಯದಲ್ಲಿ ವಿಲೀನವಾಯಿತು. ದಿವಾನಗಿರಿ ಮುಗಿದ ಮೇಲೆ ಜತ್ತಿ ಮರಳಿದ್ದು ಕೋರ್ಟಿಗೆ. 20 ತಿಂಗಳು ಮತ್ತೆ ಕರಿಕೋಟು ತೊಟ್ಟರು. ವಿಲೀನಗೊಂಡ ಪ್ರದೇಶದ ಪ್ರತಿನಿಧಿಯಾಗಿ ಮುಂಬಯಿ ವಿಧಾನಸಭೆಗೆ ನಾಮನಿರ್ದೇಶನಗೊಂಡ ಬಳಿಕ ಮುಖ್ಯಮಂತ್ರಿ ಬಿ.ಜಿ. ಖೇರರ ಸಂಸದೀಯ ಕಾರ್ಯದರ್ಶಿಯಾದರು. ಖೇರರೂ ವಕೀಲಿಯಿಂದ ಬಂದವರೇ. 1952ರ ಚುನಾವಣೆಯ ನಂತರ ಆರೋಗ್ಯ ಮತ್ತು ಕಾರ್ಮಿಕ ಖಾತೆಯ ಉಪಸಚಿವ ಸ್ಥಾನ ಸಿಕ್ಕಿತು.

ಆ ಪೀಳಿಗೆಯ ರಾಜಕಾರಣದಲ್ಲಿ ವಕೀಲರ ಸಂಖ್ಯೆ ದೊಡ್ಡದು. ಎಸ್. ನಿಜಲಿಂಗಪ್ಪ ಚಿತ್ರದುರ್ಗದ ವಕೀಲರು. ವಿಜಾಪುರ ಜಿಲ್ಲೆಯವರೇ ಆದ ಎಸ್.ಆರ್. ಕಂಠಿ ಕಾನೂನು ಓದಿದವರು. ವಿಶಾಲ ಮೈಸೂರು ವಿಧಾನಸಭೆಯ ಮೊದಲ ಅಧ್ಯಕ್ಷರೂ, ಮುಂದೆ 1962ರಲ್ಲಿ ಮಾರ್ಚ್‌ನಿಂದ ಜೂನ್‌ವರೆಗೆ ಮುಖ್ಯಮಂತ್ರಿಯೂ ಆಗಿದ್ದವರು. ನಿಜಲಿಂಗಪ್ಪ, ಜತ್ತಿ, ಕಂಠಿ ಮತ್ತೆ ನಿಜಲಿಂಗಪ್ಪ, ಹೀಗೆ ಏಕೀಕರಣದ ನಂತರದ ದಶಕದಲ್ಲಿ ರಾಜ್ಯದ ಚುಕ್ಕಾಣಿ ವಕೀಲರಿಂದ ವಕೀಲರಿಗೆ ದಾಟಿತು. ಇದಕ್ಕೆ ಕಾರಣವೂ ಇತ್ತು. ಹೊಸ ರಾಜ್ಯಕ್ಕೆ ಆಗ ತುರ್ತಾಗಿ ಬೇಕಾಗಿದ್ದುದು ಕಾನೂನಿನ ಕೆಲಸವೇ.

1956ರಲ್ಲಿ ಒಂದಾದ ರಾಜ್ಯದೊಳಗೆ ಐದು ಆಡಳಿತಗಳ ಕಾನೂನು ಒಟ್ಟಿಗೆ ಜೀವಂತವಾಗಿದ್ದವು: ಮುಂಬಯಿಯದು, ಹೈದರಾಬಾದಿನದು, ಮದರಾಸಿನದು, ಕೊಡಗಿನದು, ಹಳೆಯ ಮೈಸೂರಿನದು. ಸಹಕಾರ ಸಂಘ ಕಟ್ಟಲು ಬಾಗೇವಾಡಿಯಲ್ಲಿ ಒಂದು ಕಾಯ್ದೆ, ಮಂಡ್ಯದಲ್ಲಿ ಇನ್ನೊಂದು. ಗೇಣಿಗೆ, ಪಂಚಾಯಿತಿಗೆ, ಬಾಡಿಗೆಗೆ ಎಲ್ಲಕ್ಕೂ ಇದೇ ಸ್ಥಿತಿ. ಭೂಪಟ ಒಂದಾಗಿತ್ತು, ಕಾಯ್ದೆಯ ಪುಸ್ತಕ ಒಂದಾಗಿರಲಿಲ್ಲ. 1958ರ ಮೇ 16ರಂದು ನಿಜಲಿಂಗಪ್ಪನವರ ಜಾಗಕ್ಕೆ ಬಂದ ಜತ್ತಿ 1962ರ ಮಾರ್ಚ್‌ವರೆಗೆ ಮುಖ್ಯಮಂತ್ರಿಯಾಗಿದ್ದರು. ಅವರು ಅಧಿಕಾರಕ್ಕೆ ಬಂದದ್ದು ಕಾಂಗ್ರೆಸ್ ಪಕ್ಷದೊಳಗಿನ ಬಣಗಳ ಜಗ್ಗಾಟದ ಫಲವಾಗಿ. ಆ ಜಗ್ಗಾಟದ ಕಥೆ ಈಗಾಗಲೇ ಸಾಕಷ್ಟು ಬರೆಯಲ್ಪಟ್ಟಿದೆ. ಅದಕ್ಕಿಂತ ಹೆಚ್ಚು ಬಾಳಿಕೆ ಬಂದದ್ದು ಆ ನಾಲ್ಕು ವರ್ಷಗಳ ಶಾಸನಗಳು. 1959ರಲ್ಲಿ ಗ್ರಾಮ ಪಂಚಾಯಿತಿ ಮತ್ತು ಸ್ಥಳೀಯ ಮಂಡಳಿಗಳ ಕಾಯ್ದೆ, ಅದೇ ವರ್ಷ ಸಹಕಾರ ಸಂಘಗಳ ಕಾಯ್ದೆ, 1961ರಲ್ಲಿ ಬಾಡಿಗೆ ನಿಯಂತ್ರಣ, ನಗರ ಮತ್ತು ಗ್ರಾಮಾಂತರ ಯೋಜನೆ, ಭೂಸುಧಾರಣೆ. ರಾಜ್ಯದ ಹೆಸರು ಬದಲಾದರೂ 1959ರ ಸಹಕಾರ ಕಾಯ್ದೆ ಇವತ್ತಿಗೂ ಅದೇ ವರ್ಷದ ಹೆಸರಿನಲ್ಲಿ, ಅನೇಕ ತಿದ್ದುಪಡಿಗಳೊಂದಿಗೆ ನಡೆಯುತ್ತಿದೆ. ಏಕೀಕರಣವೆಂದರೆ ಮೆರವಣಿಗೆ, ಹೋರಾಟ, ಘೋಷಣೆಗಳ ನೆನಪಷ್ಟೇ ಉಳಿದಿರುವ ನಮ್ಮಲ್ಲಿ, ಕಾನೂನುಗಳನ್ನು ಒಂದುಗೂಡಿಸಿದ ಈ ಸದ್ದಿಲ್ಲದ ದುಡಿಮೆಗೆ ಸಲ್ಲಬೇಕಾದ ಮನ್ನಣೆ ಸಂದಿಲ್ಲ.

ಮಾನ್ಯರೆ, ಈ ಶಾಸನಗಳ ಪೈಕಿ ಅತಿ ಮಹತ್ವದ್ದೂ ಅತಿ ವಿವಾದದ್ದೂ ಭೂಸುಧಾರಣೆಯದು. ಎಚ್ಚರದ ಮೊದಲ ಪರೀಕ್ಷೆ ಇಲ್ಲಿ.

ಮುಂಬಯಿ ಪ್ರಾಂತ್ಯದ ಭಾಗವಾಗಿದ್ದ ಈ ತಾಲ್ಲೂಕುಗಳಿಗೆ 1948ರ ಮುಂಬಯಿ ಗೇಣಿ ಮತ್ತು ಕೃಷಿ ಜಮೀನು ಕಾಯ್ದೆ ಅನ್ವಯವಾಗಿತ್ತು. ಅದರ ತಿದ್ದುಪಡಿಯಂತೆ ಮುಂಬಯಿ ರಾಜ್ಯವು 1957ರ ಏಪ್ರಿಲ್ 1ನ್ನು ಉಳುವವರ ದಿನವೆಂದು ಗೊತ್ತುಮಾಡಿತು. ಆ ದಿನದಿಂದ ಗೇಣಿದಾರನು ಹೊಲವನ್ನು ಕೊಂಡವನೆಂದು ಪರಿಗಣಿತನಾಗುತ್ತಿದ್ದ. ಅಷ್ಟರೊಳಗೆ ವಿಜಾಪುರ ಜಿಲ್ಲೆ ಮೈಸೂರಿಗೆ ಸೇರಿಯಾಗಿತ್ತು. ಇಡೀ ರಾಜ್ಯಕ್ಕೆ ಒಂದೇ ಗೇಣಿ ಕಾನೂನು ಹೇಗಿರಬೇಕೆಂದು ಸೂಚಿಸಲು 1957ರಲ್ಲಿ ನೇಮಕವಾದ ಸಮಿತಿಗೆ ಜತ್ತಿಯವರೇ ಅಧ್ಯಕ್ಷರು. ಭೂಸುಧಾರಣೆಯ ಚರಿತ್ರೆಯಲ್ಲಿ ಅದು ಜತ್ತಿ ಸಮಿತಿ ಎಂದೇ ಹೆಸರಾಗಿದೆ. ಸಮಿತಿಯ ಅಧ್ಯಕ್ಷರೇ ಮುಂದೆ ಮುಖ್ಯಮಂತ್ರಿಯಾದರು. 1961ರಲ್ಲಿ ಕಾಯ್ದೆ ಅಂಗೀಕಾರವಾಯಿತು. ಜಾರಿಗೆ ಬಂದದ್ದು ಮಾತ್ರ 1965ರ ಅಕ್ಟೋಬರ್ 2ರಂದು. ಸಮಿತಿ ಕೂತ ವರ್ಷದಿಂದ ಕಾಯ್ದೆ ಜಾರಿಯಾಗುವ ವರ್ಷದವರೆಗೆ ಎಂಟು ವರ್ಷ.

ಆ ಕಾಯ್ದೆ ವಕೀಲರ ಕೈಬರಹ ಎದ್ದು ಕಾಣುವ ಕಾಯ್ದೆ. ಮಾಲೀಕನಿಗೆ ಸ್ವಂತ ಸಾಗುವಳಿಗಾಗಿ ಹೊಲ ಮರಳಿ ಪಡೆಯುವ ಹಕ್ಕನ್ನು ಅದು ಉಳಿಸಿತು. ಗೇಣಿದಾರನಿಗೆ ಭದ್ರತೆಯನ್ನೂ ಕೊಟ್ಟಿತು. ಒಂದು ಕುಟುಂಬ ಇಟ್ಟುಕೊಳ್ಳಬಹುದಾದ ಭೂಮಿಗೆ 27 ಸ್ಟ್ಯಾಂಡರ್ಡ್ ಎಕರೆ ಎಂಬ ಮಿತಿ ಹಾಕಿತು. ಮಣ್ಣಿನ ದರ್ಜೆಗೆ ತಕ್ಕಂತೆ ಲೆಕ್ಕ ಹಾಕಿದಾಗ ಕೊನೆಯ ದರ್ಜೆಯ ಖುಷ್ಕಿಯಲ್ಲಿ ಈ ಮಿತಿ 216 ಎಕರೆಗೆ ಮುಟ್ಟುತ್ತಿತ್ತು. ಮಳೆಯನ್ನೇ ನಂಬಿದ ಸಿಂದಗಿ, ಇಂಡಿಯಂಥ ತಾಲ್ಲೂಕುಗಳಲ್ಲಿ 216 ಎಕರೆಯ ಮಿತಿ ಎಷ್ಟು ಜನ ಭೂಮಾಲೀಕರನ್ನು ತಟ್ಟಬಲ್ಲದು ಎಂಬುದನ್ನು ಊಹಿಸುವುದು ಕಷ್ಟವಲ್ಲ. ಎರಡೂ ಪಕ್ಷಗಳ ಮಾತು ಕೇಳಿ, ಎರಡಕ್ಕೂ ಅಷ್ಟಿಷ್ಟು ಕೊಟ್ಟ ತೀರ್ಪಿನಂತೆ ಈ ಕಾಯ್ದೆ ಇತ್ತು. ಆದರೆ ಎರಡು ಪಕ್ಷಗಳ ಬಲ ಸಮವಾಗಿರಲಿಲ್ಲ. ಕಾಯ್ದೆ ಬರುತ್ತದೆಂದು ಗೊತ್ತಾದ ಮೇಲೆ ಅದು ಬರುವ ತನಕ ಸಿಕ್ಕ ವರ್ಷಗಳಲ್ಲಿ ಉತಾರದ ಹೆಸರು ಬದಲಿಸಿಕೊಳ್ಳುವ, ಮನೆಮಂದಿಯೊಳಗೆ ಹೊಲ ಹಂಚಿಟ್ಟುಕೊಳ್ಳುವ, ಬಾಯಿಮಾತಿನ ಗೇಣಿದಾರನನ್ನು ಬಿಡಿಸುವ ಅನುಕೂಲ ಯಾರಿಗಿತ್ತು? ಕರ್ನಾಟಕದ ಭೂಸುಧಾರಣೆಯನ್ನು ಅಭ್ಯಾಸ ಮಾಡಿದವರು ಸಾಮಾನ್ಯವಾಗಿ ಒಪ್ಪುವ ಮಾತೆಂದರೆ 1961ರ ಕಾಯ್ದೆ ಆಸೆ ಹುಟ್ಟಿಸಿದಷ್ಟು ಹೊಲ ಹಂಚಲಿಲ್ಲ ಎಂಬುದು. ಇಲ್ಲಿ ಎಚ್ಚರ ಉಳಿಸಿಕೊಟ್ಟ ಕಾಲ ಮಾಲೀಕನ ಪಾಲಾಯಿತು.

ಈ ಟೀಕೆಗೆ ಮರುಮಾತೂ ಇದೆ. ಪಕ್ಷದೊಳಗೆ ಭೂಮಾಲೀಕರ ಹಿಡಿತವಿದ್ದ ಕಾಲದಲ್ಲಿ ಅದಕ್ಕಿಂತ ಗಟ್ಟಿಯಾದ ಕಾಯ್ದೆ ಸದನದಲ್ಲಿ ಗೆಲ್ಲುತ್ತಿತ್ತೆ? 1974ರಲ್ಲಿ ದೇವರಾಜ ಅರಸು ತಂದ ದೊಡ್ಡ ತಿದ್ದುಪಡಿ ನಿಂತದ್ದು ಇದೇ 1961ರ ಕಾಯ್ದೆಯ ಅಡಿಪಾಯದ ಮೇಲೆ. ಅದು 1974ರ ಮಾರ್ಚ್ 1ರಿಂದ ಗೇಣಿ ಜಮೀನನ್ನು ಸರಕಾರದ ಸ್ವಾಧೀನಕ್ಕೆ ತಂದಿತು, ಮಿತಿಯನ್ನು 10 ಯೂನಿಟ್ಟಿಗೆ ಅಂದರೆ ಕೊನೆಯ ದರ್ಜೆಯ ಭೂಮಿಯಲ್ಲಿ 54 ಎಕರೆಗೆ ಇಳಿಸಿತು, ತಾಲ್ಲೂಕು ಮಟ್ಟದಲ್ಲಿ ಭೂ ನ್ಯಾಯಮಂಡಳಿಗಳನ್ನು ಕೂರಿಸಿತು. ಗೇಣಿದಾರರು ಹೊಲದ ಹಕ್ಕು ಕೋರುವ ಫಾರಂ ನಂಬರ್ 7 ತುಂಬಿ ಕೊಟ್ಟರು. ಆ ಮಂಡಳಿಗಳ ಮುಂದೆ ವಕೀಲರು ಹಾಜರಾಗುವಂತಿಲ್ಲ ಎಂಬ ನಿಯಮವೂ ಇತ್ತು. ವಕೀಲರ ಮಾತಿನ ಬಲ ಹಣವಿದ್ದವನ ಬಲವಾಗುತ್ತದೆ, ಮುದ್ದತುಗಳು ಬಡವನನ್ನು ಸೋಲಿಸುತ್ತವೆ ಎಂಬ ಅನುಭವ ಆ ನಿಯಮದ ಹಿಂದಿತ್ತು. 1987ರಲ್ಲಿ ಸುಪ್ರೀಂ ಕೋರ್ಟು ಭೂಸುಧಾರಣೆಯನ್ನು ಎತ್ತಿಹಿಡಿದು, ವಕೀಲರನ್ನು ದೂರವಿಟ್ಟ ನಿಯಮವನ್ನು ಮಾತ್ರ ತೆಗೆದುಹಾಕಿತು. ವಕೀಲನಾಗಿದ್ದ ಮುಖ್ಯಮಂತ್ರಿಯ ಕಾಯ್ದೆಯನ್ನು ವಕೀಲನಲ್ಲದ ಮುಖ್ಯಮಂತ್ರಿ ತಿದ್ದಿ, ಅದಕ್ಕೆ ವೇಗ ತಂದರು. ಆ ವೇಗದಲ್ಲಿ ಬಿಟ್ಟುಹೋದ ಹಕ್ಕನ್ನು ಕೋರ್ಟು ಮರಳಿಸಿತು. ಎಚ್ಚರ ಮತ್ತು ವೇಗ ಎರಡರ ಬೆಲೆಯನ್ನೂ ಈ ಒಂದು ಕಾಯ್ದೆಯ ಚರಿತ್ರೆಯಲ್ಲಿ ಅಳೆಯಬಹುದು.

ನಿಜಲಿಂಗಪ್ಪನವರ ಮುಂದಿನ ಸಂಪುಟದಲ್ಲಿ ಜತ್ತಿ ಹಣಕಾಸು ಮತ್ತು ಆಹಾರ ಖಾತೆಗಳನ್ನು ನೋಡಿಕೊಂಡರು. 1964ರಲ್ಲಿ ಬೆಂಗಳೂರಿನಲ್ಲಿ ಬಸವ ಸಮಿತಿ ಸ್ಥಾಪಿಸಿದರು. ಬಾಗೇವಾಡಿಯಲ್ಲಿ ಹುಟ್ಟಿ ಕಲ್ಯಾಣದ ಬಿಜ್ಜಳನ ಆಡಳಿತದಲ್ಲಿ ಭಂಡಾರ ನೋಡಿಕೊಂಡ ಬಸವಣ್ಣನವರ ವಿಚಾರಗಳ ಪ್ರಸಾರಕ್ಕೆ ಉಳಿದ ಬದುಕನ್ನೆಲ್ಲ ದುಡಿದರು. 1968ರಲ್ಲಿ ಪಾಂಡಿಚೇರಿಯ ಉಪರಾಜ್ಯಪಾಲ, 1972ರಲ್ಲಿ ಒರಿಸ್ಸಾದ ರಾಜ್ಯಪಾಲ. ಶಾಸನ ಮಾಡುವ ಜಾಗದಿಂದ ಸಂವಿಧಾನ ಕಾಯುವ ಜಾಗಕ್ಕೆ ಬಂದ ಮೇಲೆ ವಿವಾದಗಳ ಸ್ವರೂಪವೂ ಬದಲಾಯಿತು.

ಎರಡನೆಯ ಪರೀಕ್ಷೆ ಒರಿಸ್ಸಾದಲ್ಲಿ ಎದುರಾಯಿತು. 1973ರ ಮಾರ್ಚ್ 1ರಂದು ಮುಖ್ಯಮಂತ್ರಿ ನಂದಿನಿ ಶತಪಥಿ ರಾಜೀನಾಮೆ ಕೊಟ್ಟರು. ವಿರೋಧ ಪಕ್ಷಗಳ ಒಕ್ಕೂಟದ ನಾಯಕ ಬಿಜು ಪಟ್ನಾಯಕ್ ತಮಗೆ ಬಹುಮತವಿದೆಯೆಂದು ಸರಕಾರ ರಚಿಸುವ ಹಕ್ಕು ಮಂಡಿಸಿದರು. ರಾಜ್ಯಪಾಲ ಜತ್ತಿ ಅವರನ್ನು ಕರೆಯಲಿಲ್ಲ. ಪಕ್ಷಾಂತರಗಳ ನಡುವೆ ಸ್ಥಿರ ಸರಕಾರ ಸಾಧ್ಯವಿಲ್ಲವೆಂಬುದು ಅವರ ನಿಲುವು. ಅವರ ವರದಿಯ ಆಧಾರದ ಮೇಲೆ ಮಾರ್ಚ್ 3ರಂದು ರಾಷ್ಟ್ರಪತಿ ಆಳ್ವಿಕೆ ಬಂತು, ವಿಧಾನಸಭೆ ವಿಸರ್ಜನೆಯಾಯಿತು. ಪಟ್ನಾಯಕ್ ಹೈಕೋರ್ಟಿಗೆ ಹೋದರು, ಪರಿಹಾರ ಸಿಗಲಿಲ್ಲ.

ಎಪ್ಪತ್ತರ ದಶಕದಲ್ಲಿ ಪಕ್ಷಾಂತರ ದೇಶವನ್ನೇ ಕಾಡುತ್ತಿದ್ದ ಪಿಡುಗು. ಪಕ್ಷಾಂತರ ನಿಷೇಧ ಬಂದದ್ದು 1985ರಲ್ಲಿ. ಆದ್ದರಿಂದ ರಾಜ್ಯಪಾಲರ ಆತಂಕ ಕಟ್ಟುಕತೆಯಾಗಿರಲಿಲ್ಲ. ಆದರೂ ಬಹುಮತ ಯಾರಿಗಿದೆ ಎಂಬ ಪ್ರಶ್ನೆಗೆ ಸದನದಲ್ಲಿ ಉತ್ತರ ಹುಡುಕಲು ಕೆಲವು ದಿನ ಸಾಕಾಗಿತ್ತು. ಎದುರು ಪಕ್ಷದ ಸಾಕ್ಷ್ಯ ನೋಡದೆ ದಾವೆ ತೀರ್ಮಾನಿಸಬಾರದೆಂದು ಜಮಖಂಡಿಯ ಕೋರ್ಟಿನಲ್ಲಿ ಕಲಿತವರು ಭುವನೇಶ್ವರದ ರಾಜಭವನದಲ್ಲಿ ಆ ಅವಕಾಶ ಕೊಡಲಿಲ್ಲ. ಜತ್ತಿಯವರ ಸಾರ್ವಜನಿಕ ಬದುಕಿನಲ್ಲಿ ಸಮರ್ಥಿಸಲು ಅತಿ ಕಷ್ಟವಾದ ನಿರ್ಧಾರ ಇದೇ.

1974ರ ಆಗಸ್ಟ್ 31ರಂದು ಅವರು ಉಪರಾಷ್ಟ್ರಪತಿಯಾದರು, ಆ ಮೂಲಕ ರಾಜ್ಯಸಭೆಯ ಸಭಾಪತಿ. ಹತ್ತು ತಿಂಗಳೊಳಗೆ ದೇಶದ ಮೇಲೆ ತುರ್ತುಪರಿಸ್ಥಿತಿ ಹೇರಲ್ಪಟ್ಟಿತು. ಮೂರನೆಯ ಪರೀಕ್ಷೆ ಹೀಗೆ ಬಂತು. ಅವರು ಸಭಾಪತಿಯಾಗಿದ್ದಾಗಲೇ, 1976ರ ನವೆಂಬರ್ 11ರಂದು ರಾಜ್ಯಸಭೆ ಸಂವಿಧಾನದ 42ನೇ ತಿದ್ದುಪಡಿಯನ್ನು ಅಂಗೀಕರಿಸಿತು. ಅದೇ ತಿಂಗಳ 15ರಂದು ಸದಸ್ಯ ಸುಬ್ರಮಣಿಯನ್ ಸ್ವಾಮಿಯವರನ್ನು ಸದನದಿಂದ ಹೊರಹಾಕಿತು. ಸಭಾಪತಿ ಮತ ಹಾಕಿ ಶಾಸನ ಮಾಡುವವರಲ್ಲ, ಸದನದ ನಿರ್ಣಯವನ್ನು ತಡೆಯುವ ಅಧಿಕಾರವೂ ಅವರಿಗಿಲ್ಲ, ಇದು ನಿಜ. ವಿರೋಧ ಪಕ್ಷದ ನಾಯಕರು ಸೆರೆಮನೆಯಲ್ಲಿದ್ದ, ಪತ್ರಿಕೆಗಳು ಸೆನ್ಸಾರಿನ ಕೈಯಲ್ಲಿದ್ದ ಆ ತಿಂಗಳುಗಳಲ್ಲಿ ಸಂವಿಧಾನದ ಎರಡನೆಯ ಅತ್ಯುನ್ನತ ಹುದ್ದೆಯಿಂದ ಒಂದು ಎಚ್ಚರಿಕೆಯ ಮಾತು ದೇಶಕ್ಕೆ ಕೇಳಿಸಲಿಲ್ಲ ಎಂಬುದೂ ಅಷ್ಟೇ ನಿಜ. ಅವರು ಮಾತಾಡಿದ್ದರೆ ಫಲ ಸಿಗುತ್ತಿತ್ತೇ ಎಂಬುದು ಬೇರೆ ವಿಚಾರ. ಮಾತಾಡಬೇಕಾದ ಸಂದರ್ಭವಂತೂ ಅದಾಗಿತ್ತು.

42ನೇ ತಿದ್ದುಪಡಿ ಸಂವಿಧಾನದ 74ನೇ ವಿಧಿಯ ಮಾತನ್ನು ಬಿಗಿಗೊಳಿಸಿತ್ತು. ರಾಷ್ಟ್ರಪತಿ ಸಂಪುಟದ ಸಲಹೆಯಂತೆ ನಡೆಯುವುದು ಅದುವರೆಗೆ ಸಂಪ್ರದಾಯ ಮತ್ತು ಕೋರ್ಟಿನ ತೀರ್ಪುಗಳ ಬಲದಿಂದ ನಿಂತಿದ್ದ ತತ್ವ. 1977ರ ಜನವರಿ 3ರಿಂದ ಅದು ಸಂವಿಧಾನದಲ್ಲೇ ಬರೆದ ಕಡ್ಡಾಯವಾಯಿತು. ಸಲಹೆಯನ್ನು ಮರುಪರಿಶೀಲಿಸಿ ಎಂದು ಹಿಂದಕ್ಕೆ ಕಳಿಸುವ ಅವಕಾಶ ಅದರಲ್ಲಿ ಬರೆದಿರಲಿಲ್ಲ. ಆರು ವಾರ ಕಳೆಯುವಷ್ಟರಲ್ಲಿ, ಫೆಬ್ರುವರಿ 11ರಂದು ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹ್ಮದ್ ತೀರಿಕೊಂಡರು. ಕಟ್ಟಿಹಾಕಿದ ಕುರ್ಚಿಯಲ್ಲಿ ಹಂಗಾಮಿಯಾಗಿ ಕೂರುವ ಸರದಿ ಜತ್ತಿಯವರದಾಯಿತು.

ಮಾರ್ಚ್‌ನ ಚುನಾವಣೆಯಲ್ಲಿ ಕಾಂಗ್ರೆಸ್ ಸೋತಿತು. 21ರಂದು ತುರ್ತುಪರಿಸ್ಥಿತಿಯನ್ನು ಹಿಂತೆಗೆದುಕೊಂಡ ಘೋಷಣೆಯೂ, 24ರಂದು ಮೊರಾರ್ಜಿ ದೇಸಾಯಿಯವರ ಪ್ರಮಾಣವಚನವೂ ಜತ್ತಿಯವರ ಕೈಯಿಂದಲೇ ನಡೆದವು. ಆಡಳಿತದ ಕೈಬದಲು ಒಂದು ಅಡಚಣೆಯೂ ಇಲ್ಲದೆ ಆಯಿತು. ಒಂದು ಪಕ್ಷದಲ್ಲಿ ಜೀವಮಾನ ಕಳೆದವರು ಆ ಪಕ್ಷದ ಸೋಲನ್ನು ಸಂವಿಧಾನದ ದಾರಿಯಲ್ಲಿ ಜಾರಿಗೊಳಿಸಿದ್ದನ್ನು ಅವರ ಟೀಕಾಕಾರರೂ ಲೆಕ್ಕಕ್ಕೆ ಹಿಡಿಯಬೇಕು.

ಹೊಸ ಸರಕಾರದ ಕಾನೂನು ಮಂತ್ರಿ ಶಾಂತಿಭೂಷಣ್. ಅಲಹಾಬಾದ್ ಹೈಕೋರ್ಟಿನಲ್ಲಿ ರಾಜನಾರಾಯಣರ ಪರವಾಗಿ ವಾದಿಸಿ, 1975ರ ಜೂನ್ 12ರಂದು ಇಂದಿರಾ ಗಾಂಧಿಯವರ ಲೋಕಸಭಾ ಆಯ್ಕೆ ರದ್ದಾಗುವಂತೆ ಮಾಡಿದ ವಕೀಲರು. ಲೋಕಸಭೆಯಲ್ಲಿ ಕಾಂಗ್ರೆಸ್ ನೆಲಕಚ್ಚಿದ ಒಂಬತ್ತು ರಾಜ್ಯಗಳಲ್ಲಿ ಇನ್ನೂ ಅದೇ ಪಕ್ಷದ ಸರಕಾರಗಳಿದ್ದವು: ಬಿಹಾರ, ಹರಿಯಾಣ, ಹಿಮಾಚಲ ಪ್ರದೇಶ, ಮಧ್ಯಪ್ರದೇಶ, ಒರಿಸ್ಸಾ, ಪಂಜಾಬ್, ರಾಜಸ್ಥಾನ, ಉತ್ತರಪ್ರದೇಶ, ಪಶ್ಚಿಮ ಬಂಗಾಳ. 28ರಲ್ಲಿ 26 ಸ್ಥಾನಗಳನ್ನು ಕಾಂಗ್ರೆಸ್ಸಿಗೇ ಕೊಟ್ಟಿದ್ದ ಕರ್ನಾಟಕ ಆ ಪಟ್ಟಿಯಲ್ಲಿರಲಿಲ್ಲ. ಏಪ್ರಿಲ್ 18ರಂದು ಗೃಹಮಂತ್ರಿ ಚರಣ್ ಸಿಂಗ್ ಒಂಬತ್ತು ಮುಖ್ಯಮಂತ್ರಿಗಳಿಗೂ ಪತ್ರ ಬರೆದು, ವಿಧಾನಸಭೆ ವಿಸರ್ಜಿಸಿ ಜನರ ಮುಂದೆ ಹೋಗುವಂತೆ ರಾಜ್ಯಪಾಲರಿಗೆ ಸಲಹೆ ಕೊಡಿ ಎಂದರು. 22ರಂದು ಕಾನೂನು ಮಂತ್ರಿ ರೇಡಿಯೋದಲ್ಲಿ ಇದೇ ನಿಲುವನ್ನು ಸಮರ್ಥಿಸಿದರು. ಜನರ ವಿಶ್ವಾಸ ಕಳೆದುಕೊಂಡ ಸರಕಾರ ಕುರ್ಚಿಯಲ್ಲಿ ಉಳಿಯುವುದು ಪ್ರಜಾಪ್ರಭುತ್ವಕ್ಕೆ ಒಪ್ಪುವುದಿಲ್ಲ ಎಂಬುದು ವಾದದ ತಿರುಳು.

ವಾದಕ್ಕೆ ನೈತಿಕ ಬಲವಿತ್ತು. ಕಾನೂನಿನ ತೊಡಕೂ ಇತ್ತು. ಲೋಕಸಭೆಯ ಫಲಿತಾಂಶದಿಂದ ರಾಜ್ಯದ ಸರಕಾರ ಬೀಳಬೇಕು ಎಂದಾದರೆ ಒಕ್ಕೂಟದ ಅರ್ಥವೇನು? ರಾಜಸ್ಥಾನವೂ ಸೇರಿ ಆರು ರಾಜ್ಯಗಳು ಸುಪ್ರೀಂ ಕೋರ್ಟಿಗೆ ದಾವೆ ತಂದವು. ಮುಖ್ಯ ನ್ಯಾಯಮೂರ್ತಿ ಬೇಗ್ ಅವರ ನೇತೃತ್ವದ ಏಳು ನ್ಯಾಯಮೂರ್ತಿಗಳ ಪೀಠ ಏಪ್ರಿಲ್ 29ರಂದು ದಾವೆಗಳನ್ನು ವಜಾ ಮಾಡಿತು. ಕಾರಣಗಳನ್ನು ಬಳಿಕ ಕೊಟ್ಟಿತು. ರಾಷ್ಟ್ರಪತಿ ಆಳ್ವಿಕೆಯ ಕುರಿತ 356ನೇ ವಿಧಿಯಡಿ ರಾಷ್ಟ್ರಪತಿಯ ಸಮಾಧಾನವೇ ಅಂತಿಮ ಎಂದು ತುರ್ತುಪರಿಸ್ಥಿತಿಯ ಕಾಲದ 38ನೇ ತಿದ್ದುಪಡಿ ಸೇರಿಸಿದ್ದ ಮಾತು ಆಗ ಸಂವಿಧಾನದಲ್ಲಿ ಇನ್ನೂ ಇತ್ತು. ತುರ್ತುಪರಿಸ್ಥಿತಿಯ ವಿರುದ್ಧ ಗೆದ್ದ ಸರಕಾರ ಅದೇ ತಿದ್ದುಪಡಿಯ ನೆರಳಿನಲ್ಲಿ ನಡೆಯಿತು.

ಕೋರ್ಟಿನ ದಾರಿ ಮುಚ್ಚಿದ ಮೇಲೆ ಉಳಿದದ್ದು ಜತ್ತಿಯವರ ಮೇಜು. ನಾಲ್ಕನೆಯ ಪರೀಕ್ಷೆ ಇದು. ಕಾಗದದ ಹಿಂದೆ ಇನ್ನೆರಡು ಸಂಗತಿಗಳಿದ್ದವು. ಖಾಲಿಯಾದ ರಾಷ್ಟ್ರಪತಿ ಸ್ಥಾನವನ್ನು ಆರು ತಿಂಗಳೊಳಗೆ ಚುನಾವಣೆಯಿಂದ ತುಂಬಬೇಕಿತ್ತು, ಆ ಚುನಾವಣೆಯಲ್ಲಿ ವಿಧಾನಸಭೆಗಳ ಸದಸ್ಯರಿಗೆ ಮತವಿದೆ. ರಾಷ್ಟ್ರಪತಿ ಆಳ್ವಿಕೆಯ ಘೋಷಣೆಗೆ ಎರಡು ತಿಂಗಳೊಳಗೆ ಸಂಸತ್ತಿನ ಎರಡೂ ಸದನಗಳ ಒಪ್ಪಿಗೆ ಬೇಕು, ರಾಜ್ಯಸಭೆಯಲ್ಲಿ ಆಳುವ ಪಕ್ಷಕ್ಕೆ ಬಹುಮತವಿರಲಿಲ್ಲ. ಮೊದಲೇ ವಿಸರ್ಜಿಸಿಬಿಟ್ಟರೆ ಆ ಒಪ್ಪಿಗೆಯ ನಿಯಮಕ್ಕೆ ಉಳಿಯುವ ಬೆಲೆ ಏನು? ಕಾನೂನು ಬಲ್ಲ ಯಾರನ್ನಾದರೂ ಇದು ತಡೆದು ನಿಲ್ಲಿಸುವಂಥ ಪ್ರಶ್ನೆ. ಜತ್ತಿ ತಡೆದರು. ಹಳೆಯ ಪಕ್ಷದ ಋಣ ತೀರಿಸುತ್ತಿದ್ದಾರೆಂಬ ಟೀಕೆ ಎದ್ದಿತು. ಸಂಪುಟ ಪಟ್ಟು ಹಿಡಿಯಿತು. ಏಪ್ರಿಲ್ 30ರಂದು ಅವರು ಸಹಿ ಮಾಡಿದರು, ಒಂಬತ್ತು ವಿಧಾನಸಭೆಗಳು ಅಂದೇ ಇಲ್ಲವಾದವು.

ಆ ಟೀಕೆಯನ್ನು ಪೂರ್ತಿ ತಳ್ಳಿಹಾಕಲು ಸಾಧ್ಯವಿಲ್ಲ. ಅದಕ್ಕೆ ಕಾರಣ 1973ರ ಒರಿಸ್ಸಾ. ಅಂದು ವಿಧಾನಸಭೆಗೆ ಕೊಡದ ಅವಕಾಶವನ್ನು 1977ರಲ್ಲಿ ಒಂಬತ್ತು ವಿಧಾನಸಭೆಗಳಿಗಾಗಿ ಕೇಳಿದಾಗ, ಅವುಗಳಲ್ಲಿ ಒರಿಸ್ಸಾವೂ ಒಂದಾಗಿದ್ದಾಗ, ತತ್ವಕ್ಕಾಗಿ ಕೇಳಿದರೋ ಪಕ್ಷಕ್ಕಾಗಿ ಕೇಳಿದರೋ ಎಂಬ ಸಂಶಯ ಸಹಜ. ತಡೆದ ಕಾರಣಗಳು ಸಂವಿಧಾನಬದ್ಧವಾದ ಒಂದು ದಾಖಲೆಯಾಗಿ ಸಂಸತ್ತಿನ ಮುಂದೆ ಬರುವ ಏರ್ಪಾಡೂ ಆಗ ಇರಲಿಲ್ಲ. ಹೀಗಿದ್ದರೂ ಅವರೆತ್ತಿದ ಪ್ರಶ್ನೆ ಸರಿಯಾದದ್ದೇ. ಕೇಳಿದವರ ಹಿಂದಿನ ನಡತೆ ಪ್ರಶ್ನೆಯ ತೂಕವನ್ನು ಕಡಿಮೆ ಮಾಡುವುದಿಲ್ಲ. 1980ರ ಫೆಬ್ರುವರಿಯಲ್ಲಿ ಮರಳಿ ಬಂದ ಇಂದಿರಾ ಗಾಂಧಿ ಸರಕಾರ ಇದೇ ಮಾದರಿಯಲ್ಲಿ ಒಂಬತ್ತು ವಿಧಾನಸಭೆಗಳನ್ನು ವಿಸರ್ಜಿಸಿತು. ಒಬ್ಬರು ತೆರೆದ ಬಾಗಿಲು ಇನ್ನೊಬ್ಬರಿಗೂ ತೆರೆದೇ ಇರುತ್ತದೆ ಎಂಬ ಭಯ ಮೂರೇ ವರ್ಷಗಳಲ್ಲಿ ದಿಟವಾಯಿತು.

ಅಷ್ಟರಲ್ಲಿ ಸಂವಿಧಾನ ಒಂದು ಪಾಠ ಕಲಿತಿತ್ತು. ಶಾಂತಿಭೂಷಣ್ ಕಾನೂನು ಮಂತ್ರಿಯಾಗಿ ತಂದ 44ನೇ ತಿದ್ದುಪಡಿಗೆ ಅಂಕಿತ ಬಿದ್ದದ್ದು 1979ರ ಏಪ್ರಿಲ್ 30ರಂದು, ಜತ್ತಿಯವರ ಆ ಸಹಿಗೆ ಸರಿಯಾಗಿ ಎರಡು ವರ್ಷ ತುಂಬಿದ ದಿನ. ಸಂಪುಟದ ಸಲಹೆಯನ್ನು ಒಂದು ಸಲ ಮರುಪರಿಶೀಲನೆಗೆ ಕಳಿಸುವ ಅಧಿಕಾರವನ್ನು ಅದು ರಾಷ್ಟ್ರಪತಿಗೆ ಕೊಟ್ಟಿತು. ಸಮಾಧಾನವೇ ಅಂತಿಮ ಎಂಬ 38ನೇ ತಿದ್ದುಪಡಿಯ ಮಾತನ್ನು ಕಿತ್ತುಹಾಕಿತು. 1977ರಲ್ಲಿ ಹಂಗಾಮಿ ರಾಷ್ಟ್ರಪತಿಯನ್ನು ಒತ್ತಾಯಿಸಿದ ಸರಕಾರದ ಕಾನೂನು ಮಂತ್ರಿಯೇ, ಮುಂದಿನ ರಾಷ್ಟ್ರಪತಿಗಳಿಗೆ ತಡೆದು ಕೇಳುವ ಹಕ್ಕನ್ನು ಬರೆದುಕೊಟ್ಟರು. ಶಾಂತಿಭೂಷಣರ ದೊಡ್ಡತನ ಇರುವುದು ಇಲ್ಲಿ.

ಮುಂದಿನ ಹೆಜ್ಜೆಯನ್ನು ಇಟ್ಟವರೂ ಉತ್ತರ ಕರ್ನಾಟಕದ ವಕೀಲರೇ. ಹುಬ್ಬಳ್ಳಿಯಲ್ಲಿ ವಕೀಲಿ ನಡೆಸಿದ್ದ ಎಸ್.ಆರ್. ಬೊಮ್ಮಾಯಿ 1988ರ ಆಗಸ್ಟಿನಲ್ಲಿ ಮುಖ್ಯಮಂತ್ರಿಯಾದರು. 1989ರ ಏಪ್ರಿಲ್‌ನಲ್ಲಿ 19 ಶಾಸಕರು ಬೆಂಬಲ ಹಿಂತೆಗೆದುಕೊಂಡ ಪತ್ರಗಳು ರಾಜ್ಯಪಾಲ ಪಿ. ವೆಂಕಟಸುಬ್ಬಯ್ಯನವರಿಗೆ ತಲುಪಿದವು, ಅವರಲ್ಲಿ 7 ಜನ ಮರಳಿ ತಮ್ಮ ಬೆಂಬಲ ಸಾರಿದರು. ಬೊಮ್ಮಾಯಿ ತಮ್ಮ ಕಾನೂನು ಸಚಿವರೊಂದಿಗೆ ರಾಜ್ಯಪಾಲರನ್ನು ಕಂಡು, ಅಧಿವೇಶನ ಕರೆದು ಬಹುಮತ ಸಾಬೀತುಪಡಿಸುವೆವೆಂದರು. ಅವಕಾಶ ಸಿಗಲಿಲ್ಲ. ಏಪ್ರಿಲ್ 21ರಂದು ಸರಕಾರ ವಜಾ. ಹೈಕೋರ್ಟಿನಲ್ಲಿ ಸೋತರೂ ಬೊಮ್ಮಾಯಿ ಬಿಡಲಿಲ್ಲ. 1994ರ ಮಾರ್ಚ್ 11ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಕರ್ನಾಟಕದ ಘೋಷಣೆ ಅಸಾಂವಿಧಾನಿಕವೆಂದಿತು. ಬಹುಮತದ ಪರೀಕ್ಷೆ ಸದನದೊಳಗೇ ಆಗಬೇಕು, ಘೋಷಣೆಯನ್ನು ಕೋರ್ಟು ಪರಿಶೀಲಿಸಬಹುದು, ಸಂಸತ್ತಿನ ಎರಡೂ ಸದನಗಳು ಒಪ್ಪುವ ತನಕ ವಿಧಾನಸಭೆಯನ್ನು ಅಮಾನತಿನಲ್ಲಿ ಇಡಬಹುದೇ ಹೊರತು ವಿಸರ್ಜಿಸುವಂತಿಲ್ಲ ಎಂದು ಕಟ್ಟು ಹಾಕಿತು. 1973ರಲ್ಲಿ ರಾಜ್ಯಪಾಲ ಜತ್ತಿ ಮಾಡಿದ್ದು ಈ ತೀರ್ಪಿನ ಮುಂದೆ ನಿಲ್ಲುವುದಿಲ್ಲ. 1977ರಲ್ಲಿ ಹಂಗಾಮಿ ರಾಷ್ಟ್ರಪತಿ ಜತ್ತಿಯವರನ್ನು ತಡೆದ ಪ್ರಶ್ನೆಗೆ ಈ ತೀರ್ಪೇ ಉತ್ತರ.

ಜತ್ತಿಯವರು 2002ರ ಜೂನ್ 7ರಂದು ತೀರಿಕೊಂಡರು. ಅದಕ್ಕೆ ಮೊದಲು, ಸಂಪುಟದ ಸಲಹೆಯನ್ನು ಮರುಪರಿಶೀಲನೆಗೆ ಕಳಿಸುವ ಹಕ್ಕು ಬಳಕೆಗೆ ಬಂದದ್ದನ್ನು ದೇಶ ಕಂಡಿತ್ತು. 1997ರ ಅಕ್ಟೋಬರಿನಲ್ಲಿ ಉತ್ತರಪ್ರದೇಶದ ಕಲ್ಯಾಣ್ ಸಿಂಗ್ ಸರಕಾರವನ್ನು ತೆಗೆಯಬೇಕೆಂಬ ಸಲಹೆಯನ್ನು, 1998ರ ಸೆಪ್ಟೆಂಬರಿನಲ್ಲಿ ಬಿಹಾರದ ರಾಬ್ಡಿ ದೇವಿ ಸರಕಾರವನ್ನು ತೆಗೆಯಬೇಕೆಂಬ ಸಲಹೆಯನ್ನು ರಾಷ್ಟ್ರಪತಿ ಕೆ.ಆರ್. ನಾರಾಯಣನ್ ಸಂಪುಟಕ್ಕೆ ಮರಳಿಸಿದರು. ಎರಡು ಬೇರೆ ಬೇರೆ ಕೇಂದ್ರ ಸರಕಾರಗಳು, ವಜಾ ಆಗಲಿದ್ದ ಎರಡು ಬೇರೆ ಬೇರೆ ಪಕ್ಷಗಳು, ಅಳತೆಗೋಲು ಒಂದೇ. ಎರಡೂ ಸಲ ಸರಕಾರಗಳು ಉಳಿದವು. 1999ರ ಫೆಬ್ರುವರಿಯಲ್ಲಿ ಬಿಹಾರದ ಮೇಲೆ ಘೋಷಣೆ ಬಂದಾಗ ರಾಜ್ಯಸಭೆಯಲ್ಲಿ ಬಹುಮತ ಸಿಗದೆ ಮುಂದಿನ ತಿಂಗಳು ಅದನ್ನು ಹಿಂತೆಗೆಯಬೇಕಾಯಿತು, ವಜಾ ಆದ ಸರಕಾರ ಮರಳಿ ಬಂತು. ವಿಧಾನಸಭೆ ವಿಸರ್ಜನೆಯಾಗಿರಲಿಲ್ಲವಾದ್ದರಿಂದಲೇ ಅದು ಸಾಧ್ಯವಾಯಿತು.

ಮಾನ್ಯರೆ, 1997ರಲ್ಲಿ ಜಿಲ್ಲೆ ಇಬ್ಭಾಗವಾಗಿ ಜಮಖಂಡಿ ಬಾಗಲಕೋಟೆಗೆ ಹೋಯಿತು. ಈ ನಾಲ್ಕು ತಾಲ್ಲೂಕುಗಳು ವಿಜಾಪುರದಲ್ಲಿ ಉಳಿದವು. ಜತ್ತಿಯವರ ಹೆಸರು ಎರಡೂ ಜಿಲ್ಲೆಗಳಲ್ಲಿ ಹೆಮ್ಮೆಯಿಂದ ನೆನೆಯುವಂಥದ್ದು. ಹೆಮ್ಮೆಯ ಜೊತೆಗೆ ಅಭ್ಯಾಸವೂ ಬೇಕು. ಇಲ್ಲಿಯ ವಕೀಲರ ಸಂಘಗಳ ಗ್ರಂಥಾಲಯಗಳಲ್ಲಿ 1961ರ ಕಾಯ್ದೆಯ ಮೂಲಪಾಠ, 1974ರ ತಿದ್ದುಪಡಿ, 1977ರ ರಾಜಸ್ಥಾನ ತೀರ್ಪು ಮತ್ತು 1994ರ ಬೊಮ್ಮಾಯಿ ತೀರ್ಪುಗಳನ್ನು ಒಟ್ಟಿಗೆ ಇಟ್ಟು, ಕಿರಿಯ ವಕೀಲರಿಗೆ ಕನ್ನಡದಲ್ಲಿ ಓದಿಸುವ ಏರ್ಪಾಡಾಗಬೇಕು. ಭೂ ನ್ಯಾಯಮಂಡಳಿಯ ಕಾಲದ ಕಡತಗಳು ತಾಲ್ಲೂಕು ಕಚೇರಿಗಳಲ್ಲಿ ಹಾಳಾಗುವ ಮೊದಲು, ಇಂಡಿಯಲ್ಲಿ ಸಿಂದಗಿಯಲ್ಲಿ ಫಾರಂ ನಂಬರ್ 7 ಕೊಟ್ಟವರಲ್ಲಿ ಎಷ್ಟು ಮಂದಿಯ ಹೆಸರಿಗೆ ಉತಾರ ಆಯಿತು, ಎಷ್ಟು ಮಂದಿ ಎಷ್ಟು ವರ್ಷ ಕಾದರು ಎಂಬುದನ್ನು ಲೆಕ್ಕ ಹಾಕಬೇಕು. ಆ ಲೆಕ್ಕ ಕೈಗೆ ಬಂದಾಗ, ಜತ್ತಿ ಸಮಿತಿಯಿಂದ ಆರಂಭವಾದ ಕೆಲಸ ಈ ನಾಲ್ಕು ತಾಲ್ಲೂಕುಗಳ ರೈತರಿಗೆ ಏನು ಕೊಟ್ಟಿತು, ಏನು ಕೊಡದೆ ಹೋಯಿತು ಎಂಬ ತೀರ್ಮಾನವನ್ನು ಊಹೆಯ ಮೇಲೆ ಬಿಡದೆ ಸಾಕ್ಷ್ಯದ ಮೇಲೆ ನಿಲ್ಲಿಸಬಹುದು. ಈ ಕೆಲಸಕ್ಕೆ ಇಲ್ಲಿ ನೆರೆದಿರುವ ವಕೀಲರೂ ವಿದ್ಯಾರ್ಥಿಗಳೂ ಕೈಹಾಕಬೇಕು.